ನಲ್ಲಿ ಕೆಮ್ಮಿದಾಗ

ನಮ್ಮ ಹಿರಿಯರು ಪಂಚಭೂತಗಳನ್ನು ಎಣಿಸುವಾಗ ನೀರಿಗೂ ಗಾಳಿಗೂ ನಡುವೆ ಬೆಂಕಿಯನ್ನು ಇರಿಸಿದರು. ಅವೆರಡನ್ನೂ ಒಂದೇ ಕೊಳವೆಯಲ್ಲಿ ಕೂಡಿಹಾಕಿದರೆ ಏನಾಗುತ್ತದೆಂಬುದನ್ನು ಅವರು ಕಂಡಿರಲಾರರು, ನಾವು ಕಾಣುತ್ತಿದ್ದೇವೆ. ಬೆಳಗಿನ ಹೊತ್ತು ನಲ್ಲಿಯನ್ನು ತಿರುಗಿಸುತ್ತೇವೆ. ಮೊದಲು ಒಂದು ನಿಟ್ಟುಸಿರು, ಆಮೇಲೆ ಎರಡು ಮೂರು ಕೆಮ್ಮು, ಅನಂತರ ಮುಖಕ್ಕೆ ಸಿಡಿಯುವ ಹನಿಗಳು, ಕೊನೆಗೆ, ನಮ್ಮ ಪುಣ್ಯವಿದ್ದರೆ, ನೀರು. ಈ ಕೆಮ್ಮನ್ನು ಕೇಳಿ ಸುಮ್ಮನಾಗುವವರುಂಟು. ಕೇಳಿದೊಡನೆ ಗಾಬರಿಯಾಗಿ ಸಾಲಕ್ಕೆ ಕೈಯೊಡ್ಡುವವರೂ ಉಂಟು. ಎರಡೂ ಸರಿಯಲ್ಲವೆಂಬುದನ್ನು ಹೇಳುವುದೇ ಈ ಭಾಷಣದ ಉದ್ದೇಶ.

ನಾನು ವಾಸಿಸುತ್ತಿರುವುದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಹತ್ತಿಯ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರು ಗಿರಣಿಗಳ ಸದ್ದಡಗಿದ ಮೇಲೂ ಬೆಳೆಯುತ್ತಲೇ ಬಂದಿತು. 1997ರಲ್ಲಿ ಜಿಲ್ಲೆಯ ಕೇಂದ್ರವಾಯಿತು. ಊರಿನ ದಾಹವನ್ನು ತಣಿಸಲು ಒಂದು ಕಡೆಯಿಂದ ಹರಿಹರದ ಬಳಿ ಹರಿಯುವ ತುಂಗಭದ್ರೆ, ಇನ್ನೊಂದು ಕಡೆಯಿಂದ ಭದ್ರಾ ನಾಲೆಯ ನೀರನ್ನು ತುಂಬಿಸಿಕೊಳ್ಳುವ ಕುಂದವಾಡದಂತಹ ಕೆರೆಗಳು. ಇವೆರಡೂ ಸಾಲದೆ ಬಂದಾಗ, ಅಥವಾ ಸಾಲದೆ ಬಂದೀತೆಂಬ ಭಯಕ್ಕೆ, ನಾವು ಮೂರನೆಯ ದಿಕ್ಕೊಂದನ್ನು ಕಂಡುಕೊಂಡಿದ್ದೇವೆ. ಅದು ಪಾತಾಳದ ದಿಕ್ಕು. ಮನೆಯ ಕಾಂಪೌಂಡಿನ ಮೂಲೆಯಲ್ಲಿ ತುಳಸಿಕಟ್ಟೆಯಿಲ್ಲದಿದ್ದರೂ ಕೊಳವೆ ಬಾವಿಯ ಕಬ್ಬಿಣದ ಮೂತಿ ಇಣುಕುತ್ತಿರುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ.

ಹೀಗಿರುವಾಗ ನಲ್ಲಿ ಕೆಮ್ಮಿತೆಂದರೆ ಮನೆಯ ಯಜಮಾನರ ಎದೆಯಲ್ಲಿ ಏಳುವ ಮಾತು ಒಂದೇ: “ಬೋರು ಬತ್ತಿತು.” ಅಲ್ಲಿಂದ ಮುಂದಿನದು ಬಲು ಬೇಗ ನಡೆಯುತ್ತದೆ. ತೆಂಗಿನಕಾಯಿ ಹಿಡಿದು ಅಂಗಳದಲ್ಲಿ ಅಡ್ಡಾಡುವ ನೀರು ನೋಡುವವರು ಬಂದು ಪಾಯಿಂಟು ತೋರಿಸುತ್ತಾರೆ. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ದೈತ್ಯ ಲಾರಿ ಮಧ್ಯರಾತ್ರಿಯಲ್ಲಿ ಬೀದಿಗೆ ಬಂದು ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ನೆರೆಹೊರೆಯವರ ಕಿಟಕಿಗಳ ಮೇಲೆಲ್ಲ ಕಲ್ಲಿನ ಬೂದಿ, ಯಜಮಾನರ ಪಾಸ್‌ಬುಕ್ಕಿನಲ್ಲಿ ದೊಡ್ಡದೊಂದು ಹಳ್ಳ. ಅಷ್ಟೆಲ್ಲ ಆದ ಮೇಲೆ, ಗಾಳಿ ನುಗ್ಗುತ್ತಿದ್ದುದು ಛಾವಣಿಯ ಮೇಲಿನ ಒಂದು ಸಡಿಲ ಬೆಸುಗೆಯಿಂದ ಎಂದು ತಿಳಿದುಬಂದರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇದರ ವಿರುದ್ಧದ ಪ್ರಮಾದವೂ ಉಂಟು. ಬಾವಿ ನಿಜವಾಗಿಯೇ ಬತ್ತುತ್ತಿರುವಾಗ “ಏನೋ ಸ್ವಲ್ಪ ಗಾಳಿ” ಎಂದು ಉದಾಸೀನ ಮಾಡಿ, ಕೊನೆಗೊಂದು ದಿನ ಮೋಟರನ್ನೇ ಸುಟ್ಟುಕೊಳ್ಳುವುದು.

ಆದುದರಿಂದ ಗಾಳಿ ಎಲ್ಲಿಂದ ಬಂತೆಂಬುದನ್ನು ಮೊದಲು ತಿಳಿಯಬೇಕು. ವೈದ್ಯನು ಕೆಮ್ಮು ಗಂಟಲಿನದೋ ಎದೆಯದೋ ಎಂದು ನೋಡುವಂತೆ ನಾವು ಈ ಕೆಮ್ಮು ಮನೆಯದೋ ಬಾವಿಯದೋ ಎಂದು ನೋಡಬೇಕು. ನಮ್ಮ ಮನೆಗಳ ನೀರಿನ ಏರ್ಪಾಡನ್ನು ನೆನೆಸಿಕೊಳ್ಳಿ. ಬಾವಿಯ ಆಳದಲ್ಲಿರುವ ಪಂಪು ನೀರನ್ನು ನೆಲದೊಳಗಿನ ಸಂಪಿಗೋ ಛಾವಣಿಯ ಮೇಲಿನ ತೊಟ್ಟಿಗೋ ತಳ್ಳುತ್ತದೆ. ಸಂಪಿನಿಂದ ತೊಟ್ಟಿಗೆ ಇನ್ನೊಂದು ಸಣ್ಣ ಪಂಪು. ತೊಟ್ಟಿಯಿಂದ ನಲ್ಲಿಗಳಿಗೆ ನೀರು ಇಳಿಯುವುದು ಕೇವಲ ತನ್ನ ಭಾರದಿಂದ. ಈ ಏರ್ಪಾಡಿನಲ್ಲಿ ನಾವು ಗಮನಿಸದ ಒಂದು ಗುಣವಿದೆ: ತೊಟ್ಟಿಯು ಆಕಾಶಕ್ಕೆ ತೆರೆದುಕೊಂಡಿರುವ ಪಾತ್ರೆ. ಬಾವಿಯಿಂದ ನೀರಿನೊಡನೆ ಎಷ್ಟೇ ಗಾಳಿ ಬಂದರೂ ಅದು ತೊಟ್ಟಿಯಲ್ಲಿ ಗುಳ್ಳೆಯಾಗಿ ಮೇಲೆದ್ದು ಹೊರಟುಹೋಗುತ್ತದೆ. ಕೆಳಗಿನ ನಲ್ಲಿಗೆ ಇಳಿಯುವುದಿಲ್ಲ. ಆದ್ದರಿಂದ ತೊಟ್ಟಿ ತುಂಬಿರುವಾಗಲೂ ಬಚ್ಚಲಿನ ನಲ್ಲಿ ಕೆಮ್ಮುತ್ತಿದ್ದರೆ ಬಾವಿ ನಿರಪರಾಧಿ. ಏಣಿ ಹತ್ತಿ ತೊಟ್ಟಿಗೆ ನೀರು ಬೀಳುವ ಬಾಯಿಯನ್ನೇ ನೋಡಿ. ಅಲ್ಲಿಯೇ ನೀರು ತಡೆತಡೆದು, ಸಿಡಿಸಿಡಿದು ಬೀಳುತ್ತಿದ್ದರೆ ಮಾತ್ರ ವಿಚಾರಣೆಯನ್ನು ಬಾವಿಯ ಕಡೆಗೆ ತಿರುಗಿಸಬೇಕು. ತೊಟ್ಟಿಯ ಹಂಗಿಲ್ಲದೆ ಪಂಪಿನ ನೀರನ್ನು ನೇರವಾಗಿ ನಲ್ಲಿಗಳಿಗೆ ಒತ್ತುವ ಮನೆಗಳಿಗೆ ಮಾತ್ರ ಈ ಪರೀಕ್ಷೆ ಒದಗದು.

ಮನೆಯ ಗಾಳಿಯನ್ನೇ ಮೊದಲು ನೋಡೋಣ. ಇದರಲ್ಲಿ ಅತ್ಯಂತ ಸಾಧುವಾದದ್ದು ತೊಟ್ಟಿ ಖಾಲಿಯಾಗಿ ಮತ್ತೆ ತುಂಬಿದಾಗ ಬರುವ ಗಾಳಿ. ನೀರು ಬಿಟ್ಟುಹೋದ ಜಾಗವನ್ನು ಗಾಳಿ ಆಕ್ರಮಿಸಿರುತ್ತದೆ. ನೀರು ಮರಳಿದಾಗ ಅದು ಗೊಣಗುತ್ತ ಜಾಗ ಬಿಡುತ್ತದೆ. ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಮೊದಲು ಪೂರ್ತಿ ತೆರೆದು, ಆಮೇಲೆ ಮೇಲಿನವನ್ನು ಒಂದೊಂದಾಗಿ ತೆರೆದರೆ ಕೆಲವು ನಿಮಿಷಗಳಲ್ಲಿ ಶಾಂತವಾಗುತ್ತದೆ. ತೊಟ್ಟಿಯಲ್ಲಿ ನೀರು ತಳ ಹಿಡಿದಾಗ ಬರುವ ಗಾಳಿ ಇನ್ನೊಂದು ಬಗೆಯದು. ಹೊರಹೋಗುವ ಕೊಳವೆಯ ಬಾಯಿಯ ಮೇಲೆ ಒಂದು ಗೇಣಾದರೂ ನೀರು ನಿಂತಿರಬೇಕು. ಇಲ್ಲದಿದ್ದರೆ ನೀರು ಸುಳಿಯಾಗಿ ತಿರುಗಿ, ಸುಳಿಯ ಕಣ್ಣಿನ ಮೂಲಕ ಗಾಳಿಯನ್ನು ತನ್ನ ಜೊತೆಗೆ ಎಳೆದೊಯ್ಯುತ್ತದೆ. ಹೊಳೆಯ ಸುಳಿಯನ್ನು ಕಂಡು ಹೆದರುವ ನಾವು ನಮ್ಮ ತಲೆಯ ಮೇಲಿನ ಈ ಸುಳಿಯನ್ನು ಕಾಣುವುದೇ ಇಲ್ಲ.

ಮಹಡಿಯ ಮನೆಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಕೆಳಗಿನ ಮನೆಯವರು ನಲ್ಲಿ ತೆರೆದೊಡನೆ ಮೇಲಿನ ಮನೆಯ ನಲ್ಲಿಯ ಧಾರೆ ಸೊರಗುತ್ತದೆ, ನಿಲ್ಲುತ್ತದೆ, ಕೆಲವೊಮ್ಮೆ ಒಳಮುಖವಾಗಿ ಉಸಿರೆಳೆದುಕೊಳ್ಳುತ್ತದೆ. ಅಂಗೈಯನ್ನು ನಲ್ಲಿಯ ಬಾಯಿಗೆ ಒತ್ತಿ ಹಿಡಿದರೆ ಆ ಎಳೆತ ಚರ್ಮಕ್ಕೆ ತಿಳಿಯುತ್ತದೆ. ತೊಟ್ಟಿಯಿಂದ ಇಳಿಯುವ ಕೊಳವೆ ಕಿರಿದಾಗಿ, ಕೆಳಗಿನ ನಲ್ಲಿ ಕೇಳಿದಷ್ಟು ನೀರನ್ನು ಅದು ಕೊಡಲಾರದೆ ಹೋದಾಗ, ಇಳಿಯುವ ನೀರು ತನ್ನ ಹಿಂದೆ ನಿರ್ವಾತವನ್ನು ಬಿಟ್ಟು ಹೋಗಲು ಹವಣಿಸುತ್ತದೆ. ಮೇಲಿನ ನಲ್ಲಿಯಿಂದ ಗಾಳಿ ನುಗ್ಗಿ ಆ ಕೊರತೆಯನ್ನು ತುಂಬುತ್ತದೆ. ಇದಕ್ಕೆ ಮದ್ದು ಅಗಲವಾದ ಇಳಿಗೊಳವೆ, ಮತ್ತು ತೊಟ್ಟಿಯ ವಾಲ್ವನ್ನು ದಾಟಿದೊಡನೆ ಮೇಲಕ್ಕೆ ಕೊಂಡೊಯ್ದು ತೊಟ್ಟಿಯ ಅಂಚಿಗಿಂತ ಎತ್ತರದಲ್ಲಿ ತೆರೆದ ಬಾಯಿಯಿಂದ ನಿಲ್ಲುವ ಒಂದು ಗಾಳಿಗೊಳವೆ. ಅನೇಕ ಮನೆಗಳಲ್ಲಿ ಈ ಕೊಳವೆಯನ್ನು ಕಂಡವರು “ಇದು ಯಾವುದಕ್ಕೂ ಕೂಡಿಲ್ಲವಲ್ಲ” ಎಂದು ಬಾಯಿಗೆ ಬಿರಡೆ ಜಡಿಯುವುದುಂಟು. ಅದು ಮನೆಯ ಮೂಗಿಗೆ ಬೆಣೆ ಜಡಿದಂತೆ.

ಇನ್ನು ಗಾಳಿ ಹೊರಬರದೆ ಒಳಗೇ ಕುಳಿತು ನೀರನ್ನೇ ತಡೆಯುವ ಸಂದರ್ಭ. ಪ್ಲಂಬರುಗಳ ಮಾತಿನಲ್ಲಿ ಏರ್‌ಲಾಕ್. ತೊಟ್ಟಿ ತುಂಬಿದೆ, ಕೊಳವೆಯಲ್ಲಿ ಕಸವಿಲ್ಲ, ನಲ್ಲಿ ಹೊಸದು, ಆದರೂ ನೀರಿಲ್ಲ. ಗಾಳಿಯಂತಹ ಹಗುರ ವಸ್ತು ನೀರಿನಂತಹ ಭಾರವನ್ನು ಹೇಗೆ ತಡೆದೀತೆಂದು ಸೋಜಿಗವಾಗುವುದು ಸಹಜ. ಗುಟ್ಟಿರುವುದು ಕೊಳವೆಯ ಗೂನಿನಲ್ಲಿ. ಬಾಗಿಲನ್ನೋ ತೊಲೆಯನ್ನೋ ದಾಟಲೆಂದು ಕೊಳವೆಯನ್ನು ಮೇಲಕ್ಕೇರಿಸಿ ಮತ್ತೆ ಕೆಳಗಿಳಿಸಿರುತ್ತಾರೆ. ಗೂನಿನ ಏರುವ ಬದಿಯಲ್ಲಿ ನೀರು ಹತ್ತಿ ನಿಂತಿದೆ. ಇಳಿಯುವ ಬದಿಯಲ್ಲಿ ಗಾಳಿ ಕುಳಿತಿದೆ. ಅಲ್ಲಿಯೂ ನೀರೇ ಇದ್ದಿದ್ದರೆ ಅದು ತನ್ನ ಭಾರದಿಂದ, ಹತ್ತುವುದಕ್ಕೆ ವ್ಯಯವಾದ ಒತ್ತಡವನ್ನು ಇಳಿಯುವಾಗ ಹಿಂದಿರುಗಿಸುತ್ತಿತ್ತು. ಗಾಳಿಗೆ ಆ ಭಾರವಿಲ್ಲ. ಹೀಗೆ ಒಂದೊಂದು ಗೂನೂ ತನ್ನ ಎತ್ತರದಷ್ಟು ಒತ್ತಡವನ್ನು ಸುಂಕವಾಗಿ ಕಿತ್ತುಕೊಳ್ಳುತ್ತದೆ. ತೊಟ್ಟಿಯ ನೀರು ನಲ್ಲಿಗಿಂತ 3 ಮೀಟರು ಎತ್ತರದಲ್ಲಿದ್ದು ದಾರಿಯಲ್ಲಿ ತಲಾ ಒಂದು ಮೀಟರಿನ ಮೂರು ಗೂನುಗಳಿದ್ದರೆ ಇಡೀ ಬಂಡವಾಳ ಸುಂಕಕ್ಕೇ ಸರಿಹೋಯಿತು. ನಲ್ಲಿಗೆ ಉಳಿಯುವುದು ಶೂನ್ಯ.

ಸೂರ್ಯನ ಶಾಖದಿಂದ ನೀರು ಕಾಯಿಸುವ ಸೋಲಾರ್ ಹೀಟರುಗಳಿರುವ ಮನೆಗಳಲ್ಲಿ ಈ ಪೀಡೆ ಹೆಚ್ಚು. ನೀರಿನಲ್ಲಿ ಗಾಳಿ ಯಾವಾಗಲೂ ಸ್ವಲ್ಪ ಕರಗಿರುತ್ತದೆ. ಸಾಮಾನ್ಯ ಶಾಖದಲ್ಲಿ ಒಂದು ಲೀಟರಿನಲ್ಲಿ ಕರಗುವ ಗಾಳಿ ಸುಮಾರು 18 ಮಿಲಿಲೀಟರು. ನೀರು ಬಿಸಿಯಾದಂತೆ ಈ ಗಾಳಿಯನ್ನು ಹಿಡಿದಿಡುವ ಶಕ್ತಿ ಅದಕ್ಕೆ ಕುಂದುತ್ತದೆ. ಪಾತ್ರೆಯಲ್ಲಿ ನೀರು ಕುದಿಯುವುದಕ್ಕೆ ಬಹಳ ಮೊದಲೇ ಗೋಡೆಗೆ ಅಂಟಿಕೊಳ್ಳುವ ಸಣ್ಣ ಮುತ್ತುಗಳು ಈ ಗಾಳಿಯೇ. ಛಾವಣಿಯ ಮೇಲೆ ದಿನವೆಲ್ಲ ಕಾದ ನೂರು ಲೀಟರು ನೀರು ಬಿಟ್ಟುಕೊಟ್ಟ ಗಾಳಿ ಬಿಸಿನೀರಿನ ಕೊಳವೆಯ ಗೂನಿನಲ್ಲಿ ಸೇರಿಕೊಂಡು, ಮರುದಿನ ಮುಂಜಾನೆ ತಣ್ಣೀರಿನ ನಲ್ಲಿ ಧಾರಾಳವಾಗಿ ಹರಿಯುತ್ತಿರುವಾಗ ಬಿಸಿನೀರಿನ ನಲ್ಲಿಯನ್ನು ಮೂಕವಾಗಿಸುತ್ತದೆ. ಹೀಟರಿನ ಗಾಳಿಗೊಳವೆ ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ನಿಂತಿರಬೇಕು, ಬಿಸಿನೀರಿನ ಕೊಳವೆ ಒಂದೇ ಸಮನೆ ಇಳಿಜಾರಾಗಿ ಬಂದಿರಬೇಕು. ಇವೆರಡನ್ನೂ ಮನೆ ಕಟ್ಟುವಾಗಲೇ ನೋಡಿಕೊಂಡರೆ ಮುಂದಿನ ಇಪ್ಪತ್ತು ವರ್ಷ ಪ್ಲಂಬರನ್ನು ಬೇಡಿಕೊಳ್ಳಬೇಕಾಗಿಲ್ಲ. ಕುಳಿತ ಗಾಳಿಯನ್ನು ಎಬ್ಬಿಸಲು, ಒತ್ತಡದ ನೀರಿರುವ ನಲ್ಲಿಯಿಂದ ರಬ್ಬರು ಕೊಳವೆಯೊಂದನ್ನು ಮೂಕವಾದ ನಲ್ಲಿಗೆ ಬಿಗಿದು ಒಂದೆರಡು ನಿಮಿಷ ನೀರನ್ನು ಹಿಮ್ಮುಖವಾಗಿ ಏರಿಸಿದರೆ ಸಾಮಾನ್ಯವಾಗಿ ಸಾಕು.

ಈಗ ಪಂಪಿನ ಕಡೆಗೆ ಬರೋಣ. ನೆಲದ ಮೇಲೆ ಕುಳಿತು ಸಂಪಿನಿಂದಲೋ ತೆರೆದ ಬಾವಿಯಿಂದಲೋ ನೀರನ್ನು ಹೀರುವ ಪಂಪಿನ ಕಥೆ ವಿಜ್ಞಾನದ ಚರಿತ್ರೆಯಲ್ಲಿಯೇ ಪ್ರಸಿದ್ಧವಾದದ್ದು. ಒಂದು ಮಿತಿಗಿಂತ ಆಳದ ನೀರನ್ನು ಯಾವ ಹೀರು ಪಂಪೂ ಎತ್ತಲಾರದೆಂಬ ಸಂಗತಿಯನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚರ್ಚಿಸಿದನು. ನೀರಿನ ಕಂಬವು ತನ್ನ ಭಾರಕ್ಕೆ ತಾನೇ ಹಗ್ಗದಂತೆ ಹರಿದುಹೋಗುತ್ತದೆಂದು ಅವನು ಊಹಿಸಿದನು. ಅವನ ಶಿಷ್ಯ ಟೊರಿಚೆಲ್ಲಿ ಪಾದರಸದ ಕೊಳವೆಯ ಪ್ರಯೋಗದಿಂದ ನಿಜವನ್ನು ತೋರಿಸಿಕೊಟ್ಟನು: ಪಂಪು ನೀರನ್ನು ಎಳೆಯುವುದಿಲ್ಲ, ಪಂಪು ಕೊಳವೆಯ ಗಾಳಿಯನ್ನು ತೆಗೆದಾಗ ಹೊರಗಿನ ವಾಯುಮಂಡಲವೇ ನೀರನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಹೊರಬಲ್ಲ ನೀರಿನ ಕಂಬ 10.3 ಮೀಟರು. ಸಮುದ್ರದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ದಾವಣಗೆರೆಯಲ್ಲಿ ಅದು 9.6 ಮೀಟರಿಗೆ ಇಳಿಯುತ್ತದೆ. ಕೊಳವೆಯ ಘರ್ಷಣೆ ಮೊದಲಾದ ನಷ್ಟಗಳನ್ನು ಕಳೆದರೆ ವ್ಯವಹಾರದಲ್ಲಿ 6, 7 ಮೀಟರು ದಕ್ಕಿದರೆ ಹೆಚ್ಚು. ಬೇಸಗೆಯಲ್ಲಿ ತೆರೆದ ಬಾವಿಯ ನೀರು ಇದಕ್ಕಿಂತ ಕೆಳಗಿಳಿದರೆ, ಮೇಲಿನ ಪಂಪಿಗೆ ಎಷ್ಟು ಕುದುರೆಯ ಬಲವಿದ್ದರೂ ಪ್ರಯೋಜನವಿಲ್ಲ.

ಹೀರುವ ಕೊಳವೆಯ ದೋಷವನ್ನು ಹುಡುಕುವಾಗ ನಮ್ಮ ಕಣ್ಣು ನಮಗೆ ಮೋಸ ಮಾಡುತ್ತದೆ. ಸೋರುವ ಜಾಗ ಒದ್ದೆಯಾಗಿರಬೇಕೆಂಬುದು ನಮ್ಮ ಎಣಿಕೆ. ಆದರೆ ಪಂಪು ನಡೆಯುವಾಗ ಆ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಬಿರುಕಿನಿಂದ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬಿರುಕು ಒಣಗಿಯೇ ಇರುತ್ತದೆ! ಆದ್ದರಿಂದ ಪಂಪು ನಡೆಯುತ್ತಿರುವಾಗ ಒಂದೊಂದು ಬೆಸುಗೆಗೂ ಕ್ಷೌರದ ಸೋಪಿನ ನೊರೆಯನ್ನು ಹಚ್ಚಿ ನೋಡಬೇಕು; ನೊರೆ ಎಲ್ಲಿ ಒಳಕ್ಕೆ ಸೆಳೆದುಕೊಂಡು ಮಾಯವಾಗುವುದೋ ಅಲ್ಲಿದೆ ಕಳ್ಳಬಾಗಿಲು. ಕೆಲಸ ಕೊಳವೆಯ ಮೇಲಷ್ಟೇ. ಮೋಟರಿನ ತಂತಿಗಳ ಬಳಿಗೆ ಒದ್ದೆ ಕೈ ಹೋಗಕೂಡದು. ಪ್ರತಿಸಲವೂ ಪಂಪಿಗೆ ನೀರೆರೆದೇ ಚಾಲೂ ಮಾಡಬೇಕಾಗಿ ಬರುತ್ತಿದ್ದರೆ ಅಪರಾಧಿ ಬಹುಮಟ್ಟಿಗೆ ಕೊಳವೆಯ ಬುಡದಲ್ಲಿರುವ ಫುಟ್‌ವಾಲ್ವು. ಒಂದು ಚೂರು ನಾರು ಸಿಕ್ಕಿಕೊಂಡರೂ ಅದು ಬಾಯಿ ಮುಚ್ಚದೆ ಉಳಿದುಬಿಡುತ್ತದೆ.

ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ಈ ಮಿತಿಯಿಲ್ಲ. ಅದು ನೀರಿನಲ್ಲಿ ಮುಳುಗಿಯೇ ಇದ್ದು ನೀರನ್ನು ಕೆಳಗಿನಿಂದ ತಳ್ಳುತ್ತದೆ. 300 ಅಡಿಯಾದರೂ ಸರಿ, 500 ಅಡಿಯಾದರೂ ಸರಿ. ಮುಳುಗಿರುವ ಪಂಪಿಗೆ ಗಾಳಿ ಎಲ್ಲಿಂದ ಬರಬೇಕು? ಇದನ್ನು ಪತ್ತೆಮಾಡಲು ಬೇಕಾಗುವ ಮೊದಲ ಉಪಕರಣ ಪಾನವಲ್ಲ, ಸುತ್ತಿಗೆಯಲ್ಲ, ಕೈಗಡಿಯಾರ. ಪಂಪಿನ ಗುಂಡಿಯನ್ನೊತ್ತಿ ತೊಟ್ಟಿಯ ಬಳಿ ನಿಂತು, ಗಾಳಿ ಯಾವ ಹೊತ್ತಿನಲ್ಲಿ ಬರುತ್ತದೆಂದು ಬರೆದುಕೊಳ್ಳಬೇಕು. ಆರಂಭದಲ್ಲಿ ಮಾತ್ರ ಬರುವ ಗಾಳಿ, ಕೆಲಕಾಲ ಒಳ್ಳೆಯ ನೀರು ಬಂದ ಮೇಲೆ ಬರುವ ಗಾಳಿ, ಮೊದಲಿನಿಂದ ಕೊನೆಯವರೆಗೆ ಬರುವ ಗಾಳಿ: ಈ ಮೂರಕ್ಕೆ ಮೂರು ಬೇರೆ ಬೇರೆ ಅರ್ಥಗಳಿವೆ.

ಆರಂಭದಲ್ಲಿ ಮಾತ್ರ ಬಂದರೆ, ಪಂಪು ನಿಂತಿದ್ದಾಗ ಮೇಲೇರುವ ಕೊಳವೆ ಬರಿದಾಗಿತ್ತೆಂದು ತಿಳಿಯಬೇಕು. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಚೆಕ್‌ವಾಲ್ವು ಸೋರುತ್ತಿರಬಹುದು, ಇಲ್ಲವೆ ಕೊಳವೆಯಲ್ಲಿಯೇ ತುಕ್ಕಿನ ತೂತು ಬಿದ್ದಿರಬಹುದು. ಪಂಪು ನಡೆಯುವಾಗ ಆ ತೂತಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ನಿಂತಾಗ ಅದೇ ತೂತಿನಿಂದ ಗಾಳಿ ಒಳಗೆ ಸೇರುತ್ತದೆ. ಇದರಲ್ಲಿ ಮೋಸಹೋಗುವ ಸಂದರ್ಭ ಬಹಳ. ಏಕೆಂದರೆ ಎತ್ತಿದ ನೀರಿನ ಒಂದು ಭಾಗ ಮತ್ತೆ ಬಾವಿಗೇ ಬೀಳುವುದರಿಂದ ತೊಟ್ಟಿ ತುಂಬುವುದು ತಡವಾಗುತ್ತದೆ, ವಿದ್ಯುತ್ತಿನ ಬಿಲ್ಲು ಏರುತ್ತದೆ. ಗಾಳಿಯೂ ಬರುತ್ತಿದೆ, ನೀರೂ ಕಡಿಮೆಯಾಗಿದೆ. ಬೋರು ಬತ್ತಿತೆನ್ನಲು ಇನ್ನೇನು ಸಾಕ್ಷಿ ಬೇಕು?

ನಮ್ಮ ನೆರೆಮನೆಯಲ್ಲಿ ಹೀಗೆಯೇ ಆಯಿತು. ಆ ಮನೆಯ ಯಜಮಾನರು ನಿವೃತ್ತರು. ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣದಲ್ಲಿ ಹೊಸ ಬೋರು ಕೊರೆಸುವುದೆಂದು ನಿಶ್ಚಯಿಸಿ ನನ್ನ ಅಭಿಪ್ರಾಯ ಕೇಳಲು ಬಂದರು. “ಮೇಷ್ಟ್ರೇ, ಬೋರು ಬರೀ ಉಸಿರು ಬಿಡ್ತೈತಿ, ನೀರಿಲ್ಲ” ಎಂದರು. ಕೊರೆಸುವುದು ಇದ್ದೇ ಇದೆ, ಒಂದು ದಿನ ತಡೆಯಿರಿ ಎಂದು ನಾವಿಬ್ಬರೂ ಗಡಿಯಾರ ಹಿಡಿದು ಛಾವಣಿ ಹತ್ತಿದೆವು. ಪಂಪು ಚಾಲೂ ಮಾಡಿದ 48 ಸೆಕೆಂಡುಗಳವರೆಗೆ ಗಾಳಿ; ಆಮೇಲೆ ಒಂದು ಗಂಟೆಯ ಕಾಲ ಒಂದು ಗುಳ್ಳೆಯೂ ಇಲ್ಲದ ನೀರು. 15 ಲೀಟರಿನ ಬಕೆಟ್ಟು 20 ಸೆಕೆಂಡಿಗೆ ತುಂಬುತ್ತಿತ್ತು. ಎಂದರೆ ಸೆಕೆಂಡಿಗೆ ಮುಕ್ಕಾಲು ಲೀಟರು. 48 ಸೆಕೆಂಡಿನಲ್ಲಿ ಪಂಪು ತುಂಬಿಸಿದ ಖಾಲಿ ಜಾಗ 36 ಲೀಟರು. ಒಂದೂಕಾಲು ಇಂಚಿನ ಕಬ್ಬಿಣದ ಕೊಳವೆಯ ಒಂದು ಮೀಟರು ಉದ್ದದಲ್ಲಿ ಹೆಚ್ಚುಕಡಮೆ ಒಂದು ಲೀಟರು ನೀರು ಹಿಡಿಯುತ್ತದೆ. ಆದ್ದರಿಂದ ಬರಿದಾಗಿದ್ದ ಕೊಳವೆ 36 ಮೀಟರು. ಬಾವಿಯ ಬಾಯಿಂದ ತೊಟ್ಟಿಯವರೆಗಿನ 12 ಮೀಟರನ್ನು ಕಳೆದರೆ ಉಳಿದದ್ದು 24 ಮೀಟರು, ಸುಮಾರು 80 ಅಡಿ. ಕೊಳವೆಗಳ ಉದ್ದ ತಲಾ 20 ಅಡಿ. ಮರುದಿನ ಕೊಳವೆಗಳನ್ನು ಮೇಲಕ್ಕೆಳೆಸಿದಾಗ ನಾಲ್ಕನೆಯದೂ ಐದನೆಯದೂ ಕೂಡುವ ಎಡೆಯಲ್ಲಿ ಬೆರಳು ತೂರುವಷ್ಟು ತುಕ್ಕು ತಿಂದಿತ್ತು. ಲೆಕ್ಕ ಹೀಗೆ ಅಡಿಗೆ ಅಡಿಯಾಗಿ ಕೂಡಿಬಂದದ್ದರಲ್ಲಿ ಅದೃಷ್ಟದ ಪಾಲೂ ಇತ್ತು. ಆದರೆ ಮದುವೆಯ ಹಣ ಉಳಿದದ್ದು ಲೆಕ್ಕದಿಂದ. ಒಂದು ಜೊತೆ ಕೊಳವೆಯ ಬೆಲೆಯಲ್ಲಿ ಕೆಲಸ ಮುಗಿಯಿತು.

ಎರಡನೆಯ ಬಗೆ, ಕೆಲಹೊತ್ತು ಒಳ್ಳೆಯ ನೀರು ಬಂದು ಆಮೇಲೆ ಬರುವ ಗಾಳಿ, ಹಗುರವಾಗಿ ಕಾಣತಕ್ಕದ್ದಲ್ಲ. ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ ತುಂಬುಧಾರೆ. ಅನಂತರ ಧಾರೆ ಸಣ್ಣಗಾಗಿ, ಬಿಟ್ಟುಬಿಟ್ಟು ಬಂದು, ಗಾಳಿಯೊಡನೆ ಸಿಡಿಯತೊಡಗುತ್ತದೆ. ಪಂಪನ್ನು ನಿಲ್ಲಿಸಿ ಎರಡು ಗಂಟೆ ಬಿಟ್ಟರೆ ಮತ್ತೆ ಮೊದಲಿನಂತೆ. ಇದರ ಅರ್ಥ ಸ್ಪಷ್ಟ: ಬಂಡೆ ಕೊಡುವುದಕ್ಕಿಂತ ಹೆಚ್ಚನ್ನು ನಾವು ಎತ್ತುತ್ತಿದ್ದೇವೆ, ನೀರಿನ ಮಟ್ಟ ಪಂಪಿನ ಬಾಯಿಯವರೆಗೆ ಇಳಿದು ಪಂಪು ಗಾಳಿ ನುಂಗುತ್ತಿದೆ. ದಾವಣಗೆರೆಯ ಸುತ್ತಿನ ನೆಲ ಗಟ್ಟಿ ಶಿಲೆಯದು. ಇಲ್ಲಿ ನೆಲದಡಿಯಲ್ಲಿ ಹರಿಯುವ ಹೊಳೆಗಳಿಲ್ಲ, ಕೆರೆಗಳಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿ ಇಂಗಿದ ಮಳೆಯ ನೀರು ಕೆಳಗಿನ ಬಂಡೆಯ ಬಿರುಕುಗಳಲ್ಲಿ ಸಂದುಗೊಂದುಗಳಲ್ಲಿ ಹಿಡಿದುಕೊಂಡಿರುತ್ತದೆ, ಅಷ್ಟೆ. ಹೊಸ ಬೋರಿಗೆ “ಎರಡು ಇಂಚು ನೀರು ಬಿತ್ತು” ಎಂದು ನಾವು ಸಂಭ್ರಮಿಸುತ್ತೇವೆ. ಆ ಇಂಚು ಕೊಳವೆಯ ಅಗಲವಲ್ಲ. ಮೂಲೆಮೂತಿಯ ಒಂದು ತಗಡಿನ ಕಿಂಡಿಯಲ್ಲಿ ಹರಿಯುವ ನೀರಿನ ಎತ್ತರ. ಎರಡು ಇಂಚೆಂದರೆ ಗಂಟೆಗೆ ಸುಮಾರು 2900 ಲೀಟರು. ಒಂದು ಇಂಚೆಂದರೆ ಅದರ ಅರ್ಧವಲ್ಲ, ಸುಮಾರು 500 ಲೀಟರು ಮಾತ್ರ. ಎತ್ತರ ಅರ್ಧಕ್ಕಿಳಿದರೆ ನೀರು ಆರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು ಎನ್ನುವಷ್ಟಕ್ಕೆ ಇಳಿಯುತ್ತದೆ. ಕೊರೆದ ದಿನ ಎರಡು ಇಂಚಿದ್ದುದು ನಾಲ್ಕು ಬೇಸಗೆಗಳ ಮೇಲೆ ಒಂದು ಇಂಚಾಗಿದ್ದು, ಪಂಪು ಮಾತ್ರ ಹಳೆಯ ಎರಡು ಇಂಚಿನದೇ ಆಗಿದ್ದರೆ, ಅದು ಗಾಳಿ ನುಂಗದೆ ಇನ್ನೇನು ಮಾಡೀತು?

ಇದಕ್ಕೆ ತತ್ಕಾಲದ ಚಿಕಿತ್ಸೆ ಹೊಸ ಬೋರಲ್ಲ, ಮಿತಾಹಾರ. ಹೊರಬರುವ ಕೊಳವೆಯ ಗೇಟ್‌ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬಂದು, ಗಾಳಿ ನಿಂತು ಧಾರೆ ಸ್ಥಿರವಾಗುವ ಹಂತದಲ್ಲಿ ಬಿಡುವುದು. ಇಲ್ಲವೆ ಹದಿನೈದು ನಿಮಿಷ ಎತ್ತಿ ಒಂದು ಗಂಟೆ ಬಿಡುವುದು. ಬಾವಿಯಲ್ಲಿ ಇನ್ನೂ ಆಳವಿದ್ದರೆ ಪಂಪನ್ನು ಎರಡು ಮೂರು ಕೊಳವೆಗಳಷ್ಟು ಕೆಳಗಿಳಿಸಬಹುದು. ಆದರೆ ತಳದ ಹೂಳಿಗೆ ತಾಗುವಂತೆ ಅಲ್ಲ. ಯಾವುದನ್ನು ಮಾಡಿದರೂ, ನೀರಿಲ್ಲದಾಗ ತಾನಾಗಿ ನಿಲ್ಲಿಸುವ ಸಾಧನವೊಂದನ್ನು ಮೋಟರಿಗೆ ಹಾಕಿಸುವುದು ಒಳ್ಳೆಯದು. ಆಳದ ಮೋಟರಿಗೆ ತಂಪು ಕೊಡುವುದು ಸುತ್ತ ಹರಿಯುವ ನೀರೇ. ಗಾಳಿಯಲ್ಲಿ ತಿರುಗುವ ಮೋಟರು ತನ್ನ ಕಾವಿನಲ್ಲಿ ತಾನೇ ಬೇಯುತ್ತದೆ.

ಮೂರನೆಯದು ಮೊದಲಿನಿಂದ ಕೊನೆಯವರೆಗೂ ಇರುವ ಗಾಳಿ. ಧಾರೆ ತುಂಡಾಗುವುದಿಲ್ಲ, ಆದರೆ ನೀರು ಹಾಲಿನಂತೆ ಬೆಳ್ಳಗೆ. ಗಾಜಿನ ಲೋಟದಲ್ಲಿ ಹಿಡಿದು ಮೇಜಿನ ಮೇಲಿಟ್ಟು ನೋಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿ. ಮೇಲಿನಿಂದ ಕೆಳಕ್ಕೆ ತಿಳಿಯಾದರೆ ಅದು ಮಣ್ಣು. ಈ ಗಾಳಿಗೆ ಕಾರಣ ಎರಡು ಇರಬಹುದು. ಆಳದಲ್ಲಿ ಒತ್ತಡ ಹೆಚ್ಚು. 100 ಮೀಟರು ನೀರಿನಡಿಯಲ್ಲಿ ವಾಯುಮಂಡಲದ ಸುಮಾರು ಹನ್ನೊಂದರಷ್ಟು. ಒತ್ತಡ ಹೆಚ್ಚಿದಷ್ಟೂ ನೀರು ಹೆಚ್ಚು ಅನಿಲವನ್ನು ಕರಗಿಸಿಕೊಳ್ಳಬಲ್ಲದೆಂದು 1803ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ತೋರಿಸಿದನು. ಮೇಲೆ ಬಂದಾಗ ಒತ್ತಡ ಸಡಿಲಿ, ಸೋಡಾ ಬಾಟಲಿ ತೆರೆದಂತೆ, ಅದು ನುಣ್ಣನೆಯ ಗುಳ್ಳೆಗಳಾಗಿ ಹೊರಬರುತ್ತದೆ. ಇನ್ನೊಂದು ಕಾರಣ ಬಾವಿಯೊಳಗಿನ ಜಲಪಾತ: ಮೇಲಿನ ಬಿರುಕಿನ ನೀರು ಕುಸಿದುಹೋದ ನೀರಿನ ಮಟ್ಟಕ್ಕೆ ಎತ್ತರದಿಂದ ಧುಮುಕಿ ಗಾಳಿಯನ್ನು ಕಡೆದು ಬೆರೆಸುತ್ತದೆ. ಪಂಪನ್ನು ನಿಲ್ಲಿಸಿ ಬಾವಿಯ ಬಾಯಿಗೆ ಕಿವಿಯೊಡ್ಡಿದರೆ ಅದು ಕೇಳಿಸುತ್ತದೆ. ತೂತುಬಿದ್ದ ಕೊಳವೆಯ ಸದ್ದಾದರೆ ಪಂಪು ನಿಂತ ಸ್ವಲ್ಪ ಹೊತ್ತಿಗೆ ಅಡಗುತ್ತದೆ. ಬಿರುಕಿನ ಜಲಪಾತವಾದರೆ ನೀರಿನ ಮಟ್ಟ ಏರಿ ಬಿರುಕನ್ನು ಮುಚ್ಚುವವರೆಗೆ ಕೇಳಿಸುತ್ತಲೇ ಇರುತ್ತದೆ. ಬೆಳ್ಳನೆಯ ಈ ನೀರು ಸಾಮಾನ್ಯವಾಗಿ ನಿರಪಾಯಕರ. ಕೊಳೆತ ಮೊಟ್ಟೆಯ ವಾಸನೆಯೋ ಬೇರಾವ ಅನಿಲದ ವಾಸನೆಯೋ ಇದ್ದರೆ ಮಾತ್ರ ನೀರನ್ನು ಪರೀಕ್ಷೆಗೆ ಕಳುಹಿಸದೆ ಬಳಸಕೂಡದು. ಬಾವಿಯ ಬಳಿ ಬೆಂಕಿ ಹಚ್ಚಕೂಡದು.

ಇಷ್ಟು ತಿಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಎರಡನೆಯ ಬಗೆಯ ಗಾಳಿ, ಬಂಡೆ ಕೊಡಲಾರೆನೆಂದು ಹೇಳುವ ಗಾಳಿ, ಒಂದು ಮನೆಯ ಸಮಾಚಾರವಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂತಹ ವರ್ಷದಲ್ಲಿ ಮಳೆ ಇಂಗುವುದಿಲ್ಲ. ನಾಲೆಯಲ್ಲಿ ನೀರು ಕಡಿಮೆಯಾದರೆ ನಾಲೆಯ ಬಸಿನೀರೂ ಕಡಿಮೆ. ನನ್ನ ಬೋರಿಗೂ ನೆರೆಯವರ ಬೋರಿಗೂ ನಡುವೆ ಕಾಂಪೌಂಡಿನ ಗೋಡೆಯುಂಟು. ಬಂಡೆಯ ಬಿರುಕಿಗೆ ಗೋಡೆಯಿಲ್ಲ. ನಾನು ಇನ್ನೂರು ಅಡಿ ಹೆಚ್ಚು ಆಳಕ್ಕೆ ಹೋದರೆ ನೀರು ಹುಟ್ಟಿಸಿದಂತಾಗಲಿಲ್ಲ. ಅನೇಕ ವೇಳೆ ನೆರೆಯವರ ಲೋಟವನ್ನು ನನ್ನ ಕಡೆಗೆ ಬಾಗಿಸಿದಂತಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಮಾತು ಹೊನ್ನಿಗಿಂತ ನೀರಿಗೆ ಹೆಚ್ಚು ಒಪ್ಪುತ್ತದೆ. ಛಾವಣಿಯ ಮೇಲೆ ಬೀಳುವ ಮಳೆಯನ್ನು ಚರಂಡಿಗೆ ಬಿಡದೆ ಜಲ್ಲಿ ಮರಳಿನ ಗುಂಡಿಯ ಮೂಲಕ ನೆಲಕ್ಕೆ ಇಂಗಿಸುವುದು ಆ ಕುಡಿಕೆಗೆ ಮರಳಿ ಹಾಕುವ ನಾಣ್ಯ. ಸಾವಿರ ಚದರ ಅಡಿಯ ಛಾವಣಿಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಸುಮಾರು 930 ಲೀಟರು ನೀರು. ಇದು ಲೆಕ್ಕದ ಮಾತು, ಪುರಾಣವಲ್ಲ.

ಬೋರು ನಿಜವಾಗಿಯೇ ಬತ್ತಿಹೋಯಿತೆಂದು ತೀರ್ಮಾನವಾದರೆ ಅದನ್ನು ಹಾಗೆಯೇ ಬಿಟ್ಟು ಹೊಸದರ ಕಡೆಗೆ ಓಡುವುದು ಬೇಡ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬಿರದ ಮಗುವೊಂದು ತೆರೆದ ಕೊಳವೆ ಬಾವಿಗೆ ಬಿದ್ದಾಗ ನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ಆ ಮಗು ಬದುಕಿ ಬಂತು; ಎಲ್ಲ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ. ತೆರೆದ ಬಾವಿಗಳನ್ನು ಭದ್ರವಾಗಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿದೆ. ಆರೂವರೆ ಇಂಚಿನ ಒಂದು ಮುಚ್ಚಳಕ್ಕೆ ತಗಲುವ ವೆಚ್ಚವನ್ನು ಯಾರೂ ಲೆಕ್ಕ ಹಾಕಬೇಕಾಗಿಲ್ಲ.

ಬಾವಿಯಲ್ಲಿ ಹಗ್ಗ ಇಳಿಬಿಟ್ಟು ನೀರು ಸೇದುತ್ತಿದ್ದ ಕಾಲದಲ್ಲಿ ನೀರು ಎಷ್ಟು ಕೆಳಗೆ ಹೋಯಿತೆಂಬುದು ಮನೆಯ ಹೆಣ್ಣುಮಕ್ಕಳ ತೋಳಿಗೆ ದಿನವೂ ತಿಳಿಯುತ್ತಿತ್ತು. ಒಂದು ಮಾರು ಹಗ್ಗ ಹೆಚ್ಚು ಬಿಟ್ಟರೆ ಮನೆಯೆಲ್ಲ ಎಚ್ಚರವಾಗುತ್ತಿತ್ತು. ಗುಂಡಿಯೊತ್ತಿ ನೀರು ಪಡೆಯುವ ನಮಗೆ ಆ ಹಗ್ಗವಿಲ್ಲ. ಬಾವಿಗೆ ಈಗ ನಮ್ಮೊಡನೆ ಮಾತನಾಡಲು ಉಳಿದಿರುವ ಭಾಷೆ ಗಾಳಿಯದು. ಅದನ್ನು ಕೇಳಿಸಿಕೊಂಡವರು ಗಡಿಯಾರ ನೋಡಿ, ಬಕೆಟ್ಟು ಹಿಡಿದು, ಅರ್ಥಮಾಡಿಕೊಂಡು, ಆಮೇಲೆ ಹಣದ ಚೀಲಕ್ಕೆ ಕೈಹಾಕುವುದು ಲೇಸು.